ಮೊಟ್ಟೆ ತಿನ್ನೋಕೆ ಆಗದ ಮಗುವಿಗೆ ಬೆಳಿಗ್ಗೆ ತಿಂಡಿಗೆ ಏನು ಕೊಡೋದು? ಹತ್ತು ಗಂಟೆಗೇ ಹಸಿವು ಅಂತಾನೆ

ನಿದ್ದೆಗಣ್ಣು:
ಎಲ್ರಿಗೂ ನಮಸ್ಕಾರ. ಮಗನಿಗೆ ಈಗ ಐದು ವರ್ಷ. ಇನ್ನೂ ಒಂದು ವರ್ಷ ತುಂಬಿರಲಿಲ್ಲ, ಆಗ್ಲೇ ಮೊಟ್ಟೆ ಅಲರ್ಜಿ ಅಂತ ಗೊತ್ತಾಯ್ತು, ಮುಖ ಎಲ್ಲ ಊದ್ಕೊಂಡು ಆಸ್ಪತ್ರೆಗೆ ಓಡಿದ್ವಿ, ಅವತ್ತಿಂದ ಮನೇಲಿ ಮೊಟ್ಟೆ ಬಂದ್. ಇಷ್ಟು ದಿನ ಮನೇಲೇ ಇದ್ದ, ಗಂಟೆಗೊಂದ್ಸಲ ಏನಾದ್ರೂ ಬಾಯಾಡಿಸ್ತಾ ಇದ್ದ, ಹಂಗಾಗಿ ತಿಂಡಿ ಬಗ್ಗೆ ನಾನೂ ತಲೆ ಕೆಡಿಸ್ಕೊಂಡಿರಲಿಲ್ಲ. ಈಗ ಸ್ಕೂಲ್ ಶುರುವಾಗಿದೆ. ಏಳೂವರೆಗೆ ಎರಡು ಸ್ಲೈಸ್ ಬ್ರೆಡ್ಡು, ಜಾಮು, ಒಂದು ಲೋಟ ಜ್ಯೂಸು, ಅಷ್ಟು ತಿಂದ್ಕೊಂಡು ಹೋಗ್ತಾನೆ, ಹತ್ತು ಗಂಟೆಗೆಲ್ಲ ಹಸಿವು ಅಂತ ಅಳೋಕೆ ಶುರು ಮಾಡ್ತಾನಂತೆ. ಟೀಚರ್ ಎರಡು ಸಲ ಫೋನ್ ಮಾಡಿದ್ರು. ಯಾರನ್ನ ಕೇಳಿದ್ರೂ "ಒಂದು ಮೊಟ್ಟೆ ಬೇಯ್ಸಿ ಕೊಡಿ, ಸಾಕು" ಅಂತಾರೆ, ಅಲರ್ಜಿ ಅಂದ್ರೆ "ಅಯ್ಯೋ ಪಾಪ, ಹಂಗಾದ್ರೆ ಹಣ್ಣು ಕೊಡಿ" ಅಂತಾರೆ. ಹಣ್ಣು ಕೊಟ್ಟೆ, ಒಂಬತ್ತೂವರೆಗೇ ಹಸಿವಾಯ್ತು! ಬೆಳಿಗ್ಗೆ ನಂಗೆ ಸಿಗೋದೇ ಇಪ್ಪತ್ತು ನಿಮಿಷ, ಅದ್ರಲ್ಲಿ ಹತ್ತು ನಿಮಿಷ ಅವನ ಸಾಕ್ಸ್ ಹುಡುಕೋದಕ್ಕೇ ಹೋಗುತ್ತೆ. ಹೊಟ್ಟೆ ನಿಲ್ಲೋ ಅಂಥದ್ದು ಏನಾದ್ರೂ ಹೇಳಿ ಪ್ಲೀಸ್.

ಸೌಟು ಹಿಡಿದವ:
ಮೊದಲು ಒಂದು ಪ್ರಶ್ನೆ. ಬರೀ ಮೊಟ್ಟೆ ಒಂದೇನಾ, ಇಲ್ಲ ಹಾಲು, ಸೋಯಾ, ಶೇಂಗಾ, ಗೋಧಿ ಇದ್ಯಾವುದಾದ್ರೂ ಆಗಲ್ವಾ? ಅದು ಗೊತ್ತಿಲ್ದೆ ಇಲ್ಲಿ ಜನ ಶೇಂಗಾ ಬೆಣ್ಣೆ ಹಾಕಿ, ಟೋಫು ಹಾಕಿ ಅಂತ ಬರೆಯೋಕೆ ಶುರು ಮಾಡಿದ್ರೆ ಕಷ್ಟ.

ನಿದ್ದೆಗಣ್ಣು:
ಒಳ್ಳೇದಾಯ್ತು ಕೇಳಿದ್ರಿ. ಮೊಟ್ಟೆ ಮಾತ್ರ. ಹಾಲು ಕುಡೀತಾನೆ, ಮೊಸರು ಇಷ್ಟ, ಶೇಂಗಾ ಮೊದಲಿಂದ್ಲೂ ತಿಂದು ಅಭ್ಯಾಸ ಇದೆ, ಸೋಯಾ ಹಾಲು ಕುಡಿದಿದ್ದಾನೆ ಏನೂ ಆಗಿಲ್ಲ. ಟೋಫು ಇನ್ನೂ ಕೊಟ್ಟಿಲ್ಲ.

ಗ್ರಾಂ ಲೆಕ್ಕ:
ಅಕ್ಕಾ, ಮೊಟ್ಟೆ ಇಲ್ಲದೆ ಇರೋದು ಇಲ್ಲಿ ಸಮಸ್ಯೆ ಅಲ್ವೇ ಅಲ್ಲ, ಜಾಮು ಮತ್ತೆ ಜ್ಯೂಸು ಸಮಸ್ಯೆ. ಒಂದು ದೊಡ್ಡ ಮೊಟ್ಟೆಯಲ್ಲಿರೋ ಪ್ರೋಟೀನ್ ಎಷ್ಟು ಅಂದ್ಕೊಂಡಿದ್ದೀರಿ? ಸುಮಾರು 6 ಗ್ರಾಂ, ಅಷ್ಟೇ. ಮೊಟ್ಟೇಲಿ ಮುಕ್ಕಾಲು ಭಾಗ ನೀರೇ. 4ರಿಂದ 8 ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕು ಅನ್ನೋದೇ 19 ಗ್ರಾಂ. ಈಗ ನಿಮ್ಮ ತಟ್ಟೆ ನೋಡಿ, ಎರಡು ಸ್ಲೈಸ್ ಬ್ರೆಡ್ಡಲ್ಲಿ 5 ಗ್ರಾಂ ಆಸುಪಾಸು ಇರುತ್ತೆ, ಜಾಮಲ್ಲಿ ಏನಿಲ್ಲ, ಜ್ಯೂಸಲ್ಲೂ ಇದೆ ಅನ್ನೋ ಹಾಗಿಲ್ಲ. ಕೊಬ್ಬಂತೂ ಇಲ್ವೇ ಇಲ್ಲ. ಎಲ್ಲ ಸಕ್ಕರೆ, ಬೇಗ ಏರುತ್ತೆ ಬೇಗ ಇಳಿಯುತ್ತೆ, ಹತ್ತು ಗಂಟೆಗೆ ಅಳದೆ ಇನ್ನೇನು ಮಾಡ್ತಾನೆ ಪಾಪ. ನಾಳೆ ಅದೇ ಬ್ರೆಡ್ಡಿಗೆ ಜಾಮ್ ಬದ್ಲು ಒಂದು ದೊಡ್ಡ ಚಮಚ ಶೇಂಗಾ ಬೆಣ್ಣೆ ಸವರಿ, ಅದು 3.5ರಿಂದ 4 ಗ್ರಾಂ, ಜ್ಯೂಸ್ ಬದ್ಲು ಒಂದು ಲೋಟ ಹಾಲು, 240 ಎಂಎಲ್‌ಗೆ 8 ಗ್ರಾಂ. ಒಟ್ಟು 16-17 ಗ್ರಾಂ ಆಯ್ತು. ಹೊಸದಾಗಿ ಏನೂ ಮಾಡಿಲ್ಲ, ಒಲೆ ಹಚ್ಚಿಲ್ಲ, ಸಾಕ್ಸ್ ಹುಡುಕೋ ಟೈಮೂ ಉಳೀತು. ಪ್ರೋಟೀನ್ ಪೌಡರ್ ಹಾಕಿ ಅಂತ ಯಾರಾದ್ರೂ ಹೇಳ್ತಾರೆ ನೋಡ್ತಿರಿ, ಕಿವಿಗೆ ಹಾಕ್ಕೋಬೇಡಿ.

ಕಾಫಿ ಆದ್ಮೇಲೆ:
ಶೇಂಗಾ ಬೆಣ್ಣೆ ತಿಂದ್ಮೇಲೆ ಕೈ ಬಾಯಿ ಸೋಪ್ ಹಾಕಿ ತೊಳೆಸಿ ಕಳ್ಸಿ ಅಕ್ಕ. ನಿಮ್ಮ ಮಗನಿಗೆ ಮೊಟ್ಟೆ ಹೆಂಗೋ ಕ್ಲಾಸಲ್ಲಿ ಇನ್ಯಾವುದೋ ಮಗುವಿಗೆ ಶೇಂಗಾ ಹಂಗೆ ಇರಬಹುದು.

ನಿದ್ದೆಗಣ್ಣು:
ಹೌದಲ್ವಾ! ನಂಗೆ ಹೊಳೆದೇ ಇರಲಿಲ್ಲ ನೋಡಿ, ನಾನೇ ದಿನಾ ಬೇರೆಯವರಿಗೆ ಪಾಠ ಹೇಳೋಳು.

ಹಾಸ್ಟೆಲ್ ಹಕ್ಕಿ:
ಓಟ್ಸ್. ರಾತ್ರಿ ಅರ್ಧ ಕಪ್ ಓಟ್ಸ್, ಅರ್ಧ ಕಪ್ ಹಾಲು, ಎರಡು ಚಮಚ ಮೊಸರು, ಒಂದು ಚಮಚ ಚಿಯಾ ಬೀಜ, ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಟ್ಟು ಮಲಗೋದು. ಬೆಳಿಗ್ಗೆ ಹಣ್ಣು ಕತ್ತರಿಸಿ ಹಾಕಿ ತಿನ್ನೋದು. ಮೂರು ವರ್ಷದಿಂದ ಇದೇ ನನ್ನ ಜೀವನ.

ನಿದ್ದೆಗಣ್ಣು:
ಓಟ್ಸ್ ಒಂದ್ಸಲ ಕೊಟ್ಟಿದ್ದೆ, "ಅಮ್ಮಾ ಇದು ಗೋಂದು" ಅಂದ.

ಹಾಸ್ಟೆಲ್ ಹಕ್ಕಿ:
ಹುಡುಗ ಸುಳ್ಳು ಹೇಳಿಲ್ಲ ಬಿಡಿ 😄 ಅದಕ್ಕೇ ಪುಡಿ ಮಾಡಿ ಪ್ಯಾನ್‌ಕೇಕ್ ಮಾಡ್ತಾರೆ, ಯಾರಾದ್ರೂ ಸರಿಯಾಗಿ ಗೊತ್ತಿರೋರು ಬರೀರಿ.

ಕಾವಲಿ ಗಂಗಕ್ಕ:
ನಾ ಹೇಳ್ತೀನ್ ಕೇಳ್ರಿ. ಕಡಲಿ ಹಿಟ್ಟ್ ಇದ್ರ ಮೊಟ್ಟಿ ಯಾಕ ಬೇಕ್ರಿ? 30 ಗ್ರಾಂ ಹಿಟ್ಟು, ಅಂದ್ರ ನಾಕು ದೊಡ್ಡ ಚಮಚ ಆಗ್ತದ, ಅದ್ರಾಗ 6 ಗ್ರಾಂ ಮ್ಯಾಲೆ ಪ್ರೋಟೀನ್ ಅದ, ಒಂದು ಮೊಟ್ಟಿಗೆ ಸರಿಸಮ ಆತಲ್ಲ. ಆದ್ರ ಮಂದಿ ಎಲ್ಲಿ ಎಡವತಾರಂದ್ರ, ಹಿಟ್ಟು ಕಲಸಿದ ಕೂಡ್ಲೇ ಕಾವಲಿಗೆ ಹುಯ್ತಾರ, ಆಮ್ಯಾಲೆ ಹಸಿ ವಾಸನಿ, ಕಹಿ ಕಹಿ ಅಂತ ಮಕ್ಳು ಮಾರಿ ತಿರುವತಾವ. ಹಿಟ್ಟಿನಷ್ಟ ನೀರು, ಒಂದೀಟು ಜಾಸ್ತಿನ ಹಾಕ್ರಿ, ಗಂಟಿಲ್ದಂಗ ಕಲಸಿ ಹದಿನೈದು ಇಪ್ಪತ್ತು ನಿಮಿಷ ಬಿಡ್ರಿ, ಹಿಟ್ಟು ನೀರ ಕುಡಿಬೇಕು. ರಾತ್ರಿನ ಕಲಸಿ ಫ್ರಿಜ್‌ನ್ಯಾಗ ಇಟ್ರೂ ನಡೀತದ. ಉಪ್ಪು, ಹೆರೆದ ಗಜ್ಜರಿ, ಸಣ್ಣಗ ಹೆಚ್ಚಿದ ಉಳ್ಳಾಗಡ್ಡಿ ಹಾಕಿ, ಸಣ್ಣ ಉರಿಮ್ಯಾಲೆ ಮುಚ್ಚಳ ಮುಚ್ಚಿ ಬೇಯಸ್ರಿ. ಮ್ಯಾಲಿನ ಹಸಿ ಹೊಳಪು ಹೋದಮ್ಯಾಲೆ ತಿರುವಿ ಹಾಕ್ರಿ. ಅವಸರ ಮಾಡಿದ್ರ ಕೆಳಗ ಕರಕು, ಒಳಗ ಹಸಿ.

ಸೌಟು ಹಿಡಿದವ:
ಗಂಗಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ದೊಡ್ಡವರಿಗಾದ್ರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಗಟ್ಟಿ ಟೋಫು ನೀರು ಹಿಂಡಿ ಕೈಯಲ್ಲೇ ಪುಡಿ ಪುಡಿ ಮಾಡಿ, ಎಣ್ಣೇಲಿ ಈರುಳ್ಳಿ ಬಾಡಿಸಿ, ಚಿಟಿಕೆ ಅರಿಶಿನ ಹಾಕಿ, ಟೋಫು ಹಾಕಿ ಮೂರ್ನಾಲ್ಕು ನಿಮಿಷ ಹುರೀರಿ, ಒಲೆ ಆರಿಸಿದ್ಮೇಲೆ ಕಪ್ಪು ಉಪ್ಪು ಉದುರಿಸಿ. ಆರಿಸಿದ್ಮೇಲೇ ಹಾಕಬೇಕು, ಅದ್ರಲ್ಲಿರೋ ಗಂಧಕದ ವಾಸನೇನೇ ಬೆಂದ ಮೊಟ್ಟೆ ವಾಸನೆ ಕೊಡೋದು, ಬಿಸಿಗೆ ಹಾಕಿ ಕುದಿಸಿದ್ರೆ ಹಾರಿಹೋಗುತ್ತೆ. ಕಣ್ಮುಚ್ಚಿ ತಿಂದ್ರೆ ಮೊಟ್ಟೆ ಪಲ್ಯ ಅಂತಲೇ ಅನ್ಸುತ್ತೆ.

ಕಾಫಿ ಆದ್ಮೇಲೆ:
ಟೋಫು ಅಂದ್ರೆ ನಂಗೆ ಒದ್ದೆ ಸ್ಪಂಜು. ಕಪ್ಪು ಉಪ್ಪು ಹಾಕಿದ್ರೆ ಮೊಟ್ಟೆ ವಾಸನೆ ಬರೋ ಒದ್ದೆ ಸ್ಪಂಜು.

ಸೌಟು ಹಿಡಿದವ:
ನೀರು ಹಿಂಡಿರಲ್ಲ ನೀವು. ಎರಡು ತಟ್ಟೆ ಮಧ್ಯ ಇಟ್ಟು ಮೇಲೊಂದು ಭಾರ ಹೇರಿ ಹದಿನೈದು ನಿಮಿಷ ಬಿಟ್ಟು ನೋಡಿ, ಆಮೇಲೆ ಬೈಯಿರಿ.

ಮೂವತ್ತು ವರ್ಷದ ಅಲರ್ಜಿ:
ಇದನ್ನ ಓದಿ ಸುಮ್ನೆ ಇರೋಕಾಗ್ಲಿಲ್ಲ, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ. ನಂಗೆ ಹುಟ್ಟಿದಾಗಿಂದ ಮೊಟ್ಟೆ ಆಗಲ್ಲ, ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗ್ತಾ ಹೋಗಿಬಿಡುತ್ತೆ, ನಂಗೆ ಹೋಗ್ಲಿಲ್ಲ. ಚಿಕ್ಕವನಿದ್ದಾಗ ನಮ್ಮಮ್ಮ ಪ್ರೀತಿಯಿಂದ ಸೇಮ್ ಆಮ್ಲೆಟ್ ಥರಾನೇ ಕಾಣೋ ಹಳದಿ ಹಳದಿ ಏನೋ ಮಾಡಿ ಕೊಡ್ತಿದ್ರು, "ನೋಡು ನಿಂಗೂ ಆಮ್ಲೆಟ್ಟು" ಅಂತ. ಆರು ವರ್ಷ ಇರಬೇಕು ನಂಗೆ, ಯಾರದ್ದೋ ಮನೇಲಿ ಹುಟ್ಟುಹಬ್ಬ, ತಟ್ಟೇಲಿ ಹಳದಿ ಆಮ್ಲೆಟ್ ಇಟ್ರು, ನಾನು ತಿಂದೆ. ಯಾಕೆ ತಿನ್ನಬಾರದು, ನಂದೂ ಆಮ್ಲೆಟ್ಟೇ ತಾನೆ! ಆ ಮನೆಯವರು ಗಾಬರಿಯಾಗಿ ಕೇಳಿದ್ರೆ "ನಮ್ಮಮ್ಮ ದಿನಾ ಮಾಡ್ತಾರೆ" ಅಂದಿದ್ನಂತೆ. ಆವತ್ತು ಇಂಜೆಕ್ಷನ್ ಬೇಗ ಸಿಕ್ತು, ಬದುಕಿದೆ. ದೊಡ್ಡವರು ಟೋಫು ಮೇಲೆ ಕಪ್ಪು ಉಪ್ಪು ಹಾಕ್ಕೊಂಡು ಏನು ಬೇಕಾದ್ರೂ ತಿನ್ಲಿ, ಆದ್ರೆ ಐದು ವರ್ಷದ ಮಗುವಿಗೆ ಮೊಟ್ಟೆ ಥರ ಕಾಣೋದು, ಮೊಟ್ಟೆ ಥರ ವಾಸನೆ ಬರೋದು, ಮೊಟ್ಟೆ ಹೆಸರಿಟ್ಟಿರೋದು ಯಾವ್ದನ್ನೂ ಕೊಡಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಅವನಿಗೆ ಮೊಟ್ಟೆ ಅಂದ್ರೆ ದೂರ ಇರೋ ವಸ್ತು ಅಂತ ಕಣ್ಣಿಗೆ ಮೂಗಿಗೆ ಗೊತ್ತಿರಬೇಕು. ಕಡಲೆಹಿಟ್ಟಿಂದ ಮಾಡಿ, ಆದ್ರೆ ಅರಿಶಿನ ಬಿಡಿ, ಪಾಲಕ್ ರುಬ್ಬಿ ಹಾಕಿ ಹಸಿರು ಮಾಡಿ, ಬೇರೆ ಏನಾದ್ರೂ ಹೆಸರಿಡಿ.

ಕಾವಲಿ ಗಂಗಕ್ಕ:
ಅಯ್ಯ ಶಿವನ. ಇದು ನನ್ನ ತಲಿಗೇ ಹೊಳೀಲಿಲ್ಲ ನೋಡಪಾ. ಹಸರನ್ನ ಮಾಡ್ರಿ.

ಸೌಟು ಹಿಡಿದವ:
ಒಪ್ಕೊಂಡೆ ಗುರುವೇ. ನಾನು ಬರೆದಿದ್ದು ದೊಡ್ಡವರಿಗೆ ಮಾತ್ರ ಅಂತ ಓದ್ಕೊಳ್ಳಿ.

ನಿದ್ದೆಗಣ್ಣು:
ಓದಿ ಮೈ ಜುಂ ಅಂತು. ಹೋದ ವಾರ ಅಷ್ಟೇ ಅವನು ಟೀವಿ ನೋಡ್ತಾ "ನಂಗೂ ಹಳದಿದು ಬೇಕು" ಅಂದಿದ್ದ, ನಾನೂ ಅದನ್ನೇ ಮಾಡೋಣ ಅಂತಿದ್ದೆ.

ಲೇಬಲ್ ಓದೋ ಹುಚ್ಚಿ:
ಹೆಸರಿಂದ ಮೋಸ ಹೋಗೋದು ಮಕ್ಕಳು ಮಾತ್ರ ಅಲ್ಲ. ತಂಗಿ ಮಗಳಿಗೆ ಮೊಟ್ಟೆ ಅಲರ್ಜಿ ಇರೋದ್ರಿಂದ ನಾನು ಭಾರೀ ಬುದ್ಧಿವಂತಳ ಹಾಗೆ ಅಂಗಡಿಯಿಂದ ಎಗ್ ಸಬ್‌ಸ್ಟಿಟ್ಯೂಟ್ ಅಂತ ಬರೆದಿದ್ದ ಡಬ್ಬಿ ತಂದೆ, ಇನ್ನೇನು ಬಾಣಲೆಗೆ ಹಾಕಬೇಕು, ತಂಗಿ ಹಿಂದೆ ತಿರುಗಿಸಿ ಓದಿದ್ಲು, ಮೊದಲನೇ ಪದಾರ್ಥಾನೇ ಮೊಟ್ಟೆ ಬಿಳಿ! ಕೊಲೆಸ್ಟ್ರಾಲ್ ಬೇಡ ಅನ್ನೋರಿಗೆ ಹಳದಿ ತೆಗೆದು ಮಾಡಿರ್ತಾರಂತೆ, ಅಲರ್ಜಿ ಇರೋರಿಗೆ ಅದು ವಿಷ, ಯಾಕಂದ್ರೆ ಜಾಸ್ತಿ ಜನಕ್ಕೆ ತೊಂದ್ರೆ ಕೊಡೋದೇ ಬಿಳಿ ಭಾಗದ ಪ್ರೋಟೀನು. ಎಗ್ ರಿಪ್ಲೇಸರ್ ಅಂತ ಬರೋದು ಸಾಮಾನ್ಯವಾಗಿ ಪಿಷ್ಟದ ಪುಡಿ, ಅದು ಬೇರೆ, ಆದ್ರೂ ಹೆಸರು ನಂಬಬೇಡಿ, ಹಿಂದೆ ತಿರುಗಿಸಿ ಓದಿ. ಆಲ್ಬುಮಿನ್, ಓವಾಲ್ಬುಮಿನ್, ಓವೊಮ್ಯೂಕಾಯ್ಡ್, ಲೈಸೊಝೈಮ್, ಲಿವೆಟಿನ್, ವಿಟೆಲಿನ್ ಇವೆಲ್ಲ ಮೊಟ್ಟೆ ವೇಷಗಳೇ. ಲೆಸಿಥಿನ್ ಅಂತಿದ್ರೆ ಜಾಸ್ತಿ ಸೋಯಾದ್ದಿರುತ್ತೆ, ಆದ್ರೂ ಯಾವುದರದ್ದು ಅಂತ ನೋಡ್ಬೇಕು. ಆಮೇಲೆ ಬನ್ನು ಮೇಲೆ ಫಳಫಳ ಹೊಳೀತಿದ್ರೆ ಮೊಟ್ಟೆ ಬಳಿದು ಬೇಯ್ಸಿರೋ ಸಾಧ್ಯತೆ ಜಾಸ್ತಿ. ಬಾತುಕೋಳಿ ಮೊಟ್ಟೆ, ಕ್ವೇಲ್ ಮೊಟ್ಟೆ ಕೊಡಬಹುದಲ್ಲ ಅನ್ನೋ ಮಹಾನುಭಾವರೂ ಸಿಗ್ತಾರೆ, ಪ್ರೋಟೀನ್ ಒಂದಕ್ಕೊಂದು ಹೋಲುತ್ತೆ, ಅದೂ ಬೇಡ.

ಗಿಳಿ ಸಾಕಿದವಳು:
ನಂದು ಉಲ್ಟಾ ಕೇಸು. ನಲವತ್ತು ವರ್ಷ ಆರಾಮಾಗಿ ಮೊಟ್ಟೆ ತಿಂದೆ, ಗಿಳಿ ಸಾಕಿದೆ, ಆಮೇಲೆ ಮೊಟ್ಟೆಯ ಹಳದಿ ಭಾಗ ಮೈಗೆ ಆಗ್ತಿಲ್ಲ. ಹಕ್ಕಿ ಪುಕ್ಕ, ಹಿಕ್ಕೆ ಧೂಳು ಉಸಿರಲ್ಲಿ ಹೋಗಿ ಹೋಗಿ ಹೀಗಾಗುತ್ತಂತೆ, ಡಾಕ್ಟ್ರು ಬರ್ಡ್-ಎಗ್ ಸಿಂಡ್ರೋಮ್ ಅಂದ್ರು. ಮೊಟ್ಟೆ ಬಿಡೋದು ಸುಲಭ ಆಯ್ತು, ಗಿಳಿ ಬಿಡೋದು ಆಗ್ಲಿಲ್ಲ, ಅಕ್ಕನ ಮನೇಲಿದೆ, ಫೋನಲ್ಲಿ ಮಾತಾಡ್ತೀವಿ.

ಮಾತಿನ ಮಲ್ಲ:
ಇಷ್ಟೆಲ್ಲ ಯಾಕೆ? ನನ್ನ ಫ್ರೆಂಡ್ ಮಗಳಿಗೂ ಅಲರ್ಜಿ ಇತ್ತು, ಕೇಕ್ ತಿಂದ್ರೆ ಏನೂ ಆಗ್ತಿರಲಿಲ್ಲ. ಚೆನ್ನಾಗಿ ಬೇಯ್ಸಿದ್ರೆ ಪ್ರೋಟೀನ್ ಸತ್ತೋಗುತ್ತೆ. ಮನೇಲೇ ಸ್ವಲ್ಪ ಸ್ವಲ್ಪ ಕೇಕ್ ಕೊಟ್ಟು ಅಭ್ಯಾಸ ಮಾಡಿಸಿ, ದೇಹ ಒಗ್ಗಿಕೊಳ್ಳುತ್ತೆ.

ಮೂವತ್ತು ವರ್ಷದ ಅಲರ್ಜಿ:
ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಅಪಾಯ ಸರ್. ಬೇಕ್ ಮಾಡಿದ ಮೊಟ್ಟೆ ಬಹಳಷ್ಟು ಮಕ್ಕಳಿಗೆ ತಡ್ಕೊಳ್ಳೋಕಾಗುತ್ತೆ, ನಿಜ. ಓವಾಲ್ಬುಮಿನ್ ಶಾಖಕ್ಕೆ ಆಕಾರ ಕೆಡಿಸ್ಕೊಳ್ಳುತ್ತೆ, ಅದೂ ನಿಜ. ಆದ್ರೆ ಓವೊಮ್ಯೂಕಾಯ್ಡ್ ಅನ್ನೋದು ಶಾಖಕ್ಕೆ ಅಷ್ಟು ಸುಲಭಕ್ಕೆ ಬಗ್ಗಲ್ಲ, ಯಾರ ದೇಹ ಅದರ ಮೇಲೆ ತಿರುಗಿ ಬೀಳುತ್ತೋ ಅವರಿಗೆ ಕೇಕೂ ಆಗದೇ ಇರಬಹುದು. ಯಾವ ಮಗು ಯಾವ ಗುಂಪು ಅಂತ ಮನೇಲಿ ಕೂತು ಹೇಳೋಕಾಗಲ್ಲ, ಅದನ್ನ ಅಲರ್ಜಿ ಡಾಕ್ಟರ್ ಹತ್ರ, ಏನಾದ್ರೂ ಆದ್ರೆ ತಕ್ಷಣ ಎಪಿನೆಫ್ರಿನ್ (ಜೋರು ಅಲರ್ಜಿಗೆ ಕೊಡೋ ಇಂಜೆಕ್ಷನ್) ಕೊಡೋ ಜಾಗದಲ್ಲಿ ನೋಡ್ತಾರೆ. ಇನ್ನೊಂದು, ಗೋಧಿಹಿಟ್ಟಲ್ಲಿ ಕಲಸಿ ಓವನ್‌ನಲ್ಲಿ ಅರ್ಧ ಗಂಟೆ ಬೆಂದ ಕೇಕು ಬೇರೆ, ಎರಡು ನಿಮಿಷ ತವಾ ಮೇಲೆ ಬೆಂದ ಪ್ಯಾನ್‌ಕೇಕ್ ಬೇರೆ. ಕೇಕ್ ಆಗುತ್ತೆ ಅಂತ ಮೊಟ್ಟೆ ಹಾಕಿದ ಪ್ಯಾನ್‌ಕೇಕ್ ಕೊಟ್ಟು ಆಸ್ಪತ್ರೆ ಸೇರಿದವರಿದ್ದಾರೆ.

ಮಾತಿನ ಮಲ್ಲ:
ಸರಿ ಸರಿ, ನಂಗೆ ಅಷ್ಟು ಗೊತ್ತಿರಲಿಲ್ಲ. ವಾಪಸ್ ತಗೊಂಡೆ.

ಪುಡಿ ಡಬ್ಬಿ:
ಪ್ಯಾನ್‌ಕೇಕ್ ಕೇಳಿದ್ರಲ್ಲ ಯಾರೋ. ಮೊಟ್ಟೆ ಅಲ್ಲಿ ಎರಡು ಕೆಲಸ ಮಾಡುತ್ತೆ, ಹಿಡಿದಿಡೋದು, ಸ್ವಲ್ಪ ಉಬ್ಬಿಸೋದು. ಹಿಡಿದಿಡೋಕೆ ಒಂದು ದೊಡ್ಡ ಚಮಚ ಅಗಸೆ ಪುಡಿ ಮೂರು ದೊಡ್ಡ ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆ ಲೋಳೆ ಆಗುತ್ತೆ, ಅದು ಒಂದು ಮೊಟ್ಟೆಗೆ ಸಮ. ಇಡೀ ಬೀಜ ಹಾಕಿದ್ರೆ ಕೆಲಸ ಆಗಲ್ಲ, ಪುಡಿನೇ ಬೇಕು. ಉಬ್ಬೋಕೆ ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ, ಕೊನೇಲಿ ಒಂದು ಚಮಚ ನಿಂಬೆರಸ ಇಲ್ಲಾ ವಿನಿಗರ್, ನೊರೆ ಬಂದ ತಕ್ಷಣ ತವಾಗೆ ಹಾಕಬೇಕು, ಫೋನ್ ನೋಡ್ತಾ ನಿಂತ್ರೆ ನೊರೆ ಇಳಿದುಹೋಗುತ್ತೆ. ನನ್ನ ಅಳತೆ: ಮಿಕ್ಸಿಲಿ ಪುಡಿ ಮಾಡಿದ ಓಟ್ಸ್ ಒಂದು ಕಪ್, ಮೇಲೆ ಹೇಳಿದ ಅಗಸೆ, ಅರ್ಧ ಬಾಳೆಹಣ್ಣು, ಮುಕ್ಕಾಲು ಕಪ್ ಹಾಲು, ಒಂದು ಮುಷ್ಟಿ ಕುಂಬಳ ಬೀಜದ ಪುಡಿ. ಬಾಳೆಹಣ್ಣೇ ಸಾಕು ಅಂತ ಎರಡೆರಡು ಹಾಕ್ತಾರೆ ಕೆಲವರು, ಆಮೇಲೆ ಒಳಗೆ ಬೇಯೋದೇ ಇಲ್ಲ, ಮುದ್ದೆ ಮುದ್ದೆ. ಭಾನುವಾರ ಹದಿನೈದು ಮಾಡಿ, ಮಧ್ಯ ಮಧ್ಯ ಬೆಣ್ಣೆ ಕಾಗದ ಇಟ್ಟು ಫ್ರೀಜರ್‌ಗೆ ಹಾಕಿ, ಬೆಳಿಗ್ಗೆ ಎರಡು ತೆಗೆದು ಟೋಸ್ಟರ್‌ಗೆ ಹಾಕಿದ್ರೆ ಆಯ್ತು. ಸಿಹಿ ಬೇಡ ಅಂದ್ರೆ ಬಾಳೆಹಣ್ಣು ಬಿಟ್ಟು ಮೊಸರು ಹಾಕಿ.

ಕಾಫಿ ಆದ್ಮೇಲೆ:
ಕಾಬೂಲಿ ಕಡಲೆ ಬೇಯ್ಸಿದ ನೀರು ನೊರೆ ಬರೋ ಹಾಗೆ ಕಡೆದು ಹಾಕ್ತಾರಂತಲ್ಲ, ಅದು ನಿಜಾನಾ?

ಪುಡಿ ಡಬ್ಬಿ:
ನಿಜ. ಅಕ್ವಾಫಾಬಾ ಅಂತಾರೆ. 2014ರಲ್ಲಿ ಜೋಯೆಲ್ ರೋಸೆಲ್ ಅನ್ನೋ ಫ್ರೆಂಚ್‌ನವರು ಕಾಳು ಬೇಯ್ಸಿದ ನೀರು ಮೊಟ್ಟೆ ಬಿಳಿ ಥರ ನೊರೆ ಬರುತ್ತೆ ಅಂತ ತೋರಿಸಿದ್ರು, ಮುಂದಿನ ವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಈ ಹೆಸರಿಟ್ರು. ಮೂರು ದೊಡ್ಡ ಚಮಚ ಒಂದು ಮೊಟ್ಟೆಗೆ ಸಮ. ಆದ್ರೆ ಅದರಲ್ಲಿ ಪ್ರೋಟೀನ್ ಅಂತ ಹೇಳ್ಕೊಳ್ಳೋ ಅಷ್ಟು ಏನೂ ಇಲ್ಲ, ಹೊಟ್ಟೆ ತುಂಬಲ್ಲ, ಬರೀ ಹಗುರ ಆಗೋಕೆ. ಬೆಳಿಗ್ಗೆ ಏಳು ಗಂಟೆಗೆ ಕಡೀತಾ ಕೂರೋ ಪುಣ್ಯಾತ್ಮರು ಯಾರೂ ಇಲ್ಲ ಅನ್ಸುತ್ತೆ.

ಗ್ರಾಂ ಲೆಕ್ಕ:
ಪ್ರೋಟೀನ್ ಸಿಕ್ತು ಅಂತ ಎಲ್ಲ ಮುಗೀಲಿಲ್ಲ, ಮೊಟ್ಟೆ ಬಿಟ್ಟಾಗ ನಿಜವಾಗ್ಲೂ ಕಮ್ಮಿ ಆಗೋದು ಕೋಲಿನ್ ಅನ್ನೋ ಪೋಷಕಾಂಶ, ಅದನ್ನ ಯಾರೂ ಮಾತಾಡಲ್ಲ. ಒಂದು ಮೊಟ್ಟೇಲಿ 147 ಮಿಲಿಗ್ರಾಂ ಇರುತ್ತೆ, 4ರಿಂದ 8 ವರ್ಷದವರಿಗೆ ದಿನಕ್ಕೆ ಬೇಕಾಗಿರೋದು 250. ಒಂದು ಲೋಟ ಹಾಲಲ್ಲಿ 40 ಆಸುಪಾಸು, ಅರ್ಧ ಕಪ್ ಹುರಿದ ಸೋಯಾ ಕಾಳಲ್ಲಿ 107. ಶೇಂಗಾ, ರಾಜ್ಮಾ, ಹೂಕೋಸಲ್ಲೂ ಸ್ವಲ್ಪ ಸ್ವಲ್ಪ ಸೇರ್ಕೊಳ್ಳುತ್ತೆ. ಬಿ12 ಚಿಂತೆ ನಿಮ್ಗಿಲ್ಲ, ಮೊಟ್ಟೇಲಿ ಇರೋದಕ್ಕಿಂತ ಡಬಲ್ ಒಂದು ಲೋಟ ಹಾಲಲ್ಲೇ ಇದೆ. ಹಾಲೂ ಬಿಟ್ಟವರು ಮಾತ್ರ ಬಿ12ಗೆ ಮಾತ್ರೆನೋ, ಬಿ12 ಸೇರಿಸಿದ ಸೋಯಾ ಹಾಲೋ ನೋಡ್ಕೋಬೇಕು.

ಮೌನ ಓದುಗ:
ನಾವು ಮೊಟ್ಟೆ ತಿನ್ನಲ್ಲ, ಅಲರ್ಜಿ ಏನಿಲ್ಲ. ಮೊಟ್ಟೆ ಹಾಕಿಲ್ಲ ಅಂತ ಹೇಳಿದ್ರೆ ಸಾಕಲ್ವಾ, ಹೋಟೆಲಲ್ಲಿ ತಿನ್ನಬಹುದಲ್ವಾ?

ಮೂವತ್ತು ವರ್ಷದ ಅಲರ್ಜಿ:
ನಿಮಗೆ ಸಾಕು, ನಮಗೆ ಸಾಲಲ್ಲ. "ತಿನ್ನಲ್ಲ" ಅಂದ್ರೆ ಅವರು ಬರೀ ಮೊಟ್ಟೆ ಹಾಕದೆ ಮಾಡ್ತಾರೆ, ಅದೇ ತವಾ, ಅದೇ ಸೌಟು. ನಾನು ಯಾವಾಗ್ಲೂ "ಅಲರ್ಜಿ, ಬೇರೆ ತವಾ ಬೇಕು, ಆಗಲ್ಲ ಅಂದ್ರೆ ಹೇಳಿಬಿಡಿ, ಬೇಜಾರಿಲ್ಲ" ಅಂತೀನಿ. ಆಗಲ್ಲ ಅಂತ ನೇರ ಹೇಳೋ ಅಡುಗೆಯವರ ಮೇಲೆ ನಂಗೆ ಜಾಸ್ತಿ ನಂಬಿಕೆ.

ನಿದ್ದೆಗಣ್ಣು:
ಮೂರು ವಾರ ಆಯ್ತು, ಹೇಳ್ಬೇಕು ಅಂತ ಬಂದೆ. ಮೊದಲನೇ ದಿನ ಬರೀ ಶೇಂಗಾ ಬೆಣ್ಣೆ, ಹಾಲು ಬದಲಾವಣೆ ಮಾಡಿದೆ, ಟೀಚರ್ ಫೋನ್ ಬರ್ಲಿಲ್ಲ. ನಾನೇ ಸಂಜೆ ಕೇಳಿದೆ ಹಸಿವಾಯ್ತಾ ಅಂತ, "ಯಾವಾಗ?" ಅಂದ! ಗಂಗಕ್ಕನ ಕಡಲೆಹಿಟ್ಟು ಪಾಲಕ್ ಹಾಕಿ ಹಸಿರಾಗಿ ಮಾಡಿದೆ, ಮೊದಲ ಸಲ ನೆನೆಯೋಕೆ ಬಿಡದೆ ಅವಸರ ಮಾಡಿ ಕಹಿ ಆಯ್ತು, ಮುಟ್ಟಲಿಲ್ಲ. ಎರಡನೇ ಸಲ ರಾತ್ರಿನೇ ಕಲಸಿಟ್ಟೆ, ಅಂಚು ಗರಿಗರಿ ಬಂತು, ಅಂಚು ಮಾತ್ರ ತಿಂದ. ಈಗ ಪೂರ್ತಿ ತಿಂತಾನೆ, ಹೆಸರು "ಡೈನೋಸಾರ್ ಕಿವಿ". ಡೈನೋಸಾರ್‌ಗೆ ಅಂಥಾ ಕಿವಿ ಇರಲಿಲ್ಲ ಅಂತ ನಮ್ಮ ಯಜಮಾನ್ರು ತಗಾದೆ ತೆಗೆದ್ರು, ಅವರಿಗೆ ತಿಂಡಿ ಕಟ್. ಓಟ್ಸ್ ಪ್ಯಾನ್‌ಕೇಕ್ ವಾರಕ್ಕೆರಡು ಸಲ ಓಡುತ್ತೆ. ಹುರಿದ ಸೋಯಾ ಮಾತ್ರ ಸೋತೋಯ್ತು, ಒಂದು ಕಚ್ಚಿ ಉಗಿದ.

ಕಾವಲಿ ಗಂಗಕ್ಕ:
ಡೈನೋಸಾರ್ ಕಿವಿ 😂 ನಮ್ಮ ಮೊಮ್ಮಗಗೂ ಇನ್ನ ಮ್ಯಾಲ ಅದ ಹೆಸರು.

ಲೇಬಲ್ ಓದೋ ಹುಚ್ಚಿ:
ಒಂದು ಕೇಳ್ತೀನಿ ತಪ್ಪು ತಿಳ್ಕೋಬೇಡಿ, ಯಜಮಾನ್ರು ಹೊರಗಡೆ ಮೊಟ್ಟೆ ತಿಂತಾರಾ? ತಿಂದು ಬಂದು ಮಗುಗೆ ಮುತ್ತು ಕೊಟ್ರೂ ಕೆಲವು ಮಕ್ಕಳಿಗೆ ಕೆನ್ನೆ ಮೇಲೆ ದದ್ದು ಏಳುತ್ತೆ.

ನಿದ್ದೆಗಣ್ಣು:
ತಿಂತಾರೆ, ಆಫೀಸಲ್ಲಿ. ಬಂದ ತಕ್ಷಣ ಬಾಯಿ ಮುಕ್ಕಳಿಸಿ ಮುಖ ತೊಳ್ದೇ ಒಳಗೆ ಬರ್ಬೇಕು ಅಂತ ಮಗನೇ ಬಾಗಿಲಲ್ಲಿ ನಿಂತು ಚೆಕ್ ಮಾಡ್ತಾನೆ. ಪುಡಿ ಡಬ್ಬಿಯವ್ರೆ, ಅಗಸೆ ಪುಡಿ ಒಂಥರಾ ಕಮಟು ವಾಸನೆ ಬರ್ತಿದೆ, ಹಾಳಾಗಿದ್ಯಾ?

ಪುಡಿ ಡಬ್ಬಿ:
ಹಾಳಾಗಿದೆ, ಎಸೀರಿ. ಎಣ್ಣೆ ಅಂಶ ಜಾಸ್ತಿ ಅದ್ರಲ್ಲಿ, ಪುಡಿ ಮಾಡಿ ಹೊರಗಿಟ್ರೆ ಬೇಗ ಕಮಟುತ್ತೆ. ಬೀಜ ಹಾಗೇ ಇಟ್ಕೊಂಡು ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಗಾಳಿ ಆಡದ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ.